ತಲೆ ಮೇಲಿನ ಕುಕ್ಕೆಯಿಂದ ಎಕ್ಸೆಲ್‌ವರೆಗೆ: ನಮ್ಮ ಸೊಪ್ಪು ಪೇಟೆಗೆ ಹೋದ ದಾರಿ

ಹೋದ ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ನನ್ನ ಎಕ್ಸೆಲ್ ಗಾಡಿ ಸರ್ವಿಸ್ ರೋಡಲ್ಲಿ ನಿಂತುಹೋಯ್ತು. ಹಿಂದೆ ಎರಡು ಕುಕ್ಕೆ ಸೊಪ್ಪು, ಮುಂದೆ ಕಾಲ ಹತ್ರ ಒಂದು ಚೀಲ ಬದನೆಕಾಯಿ. ಪ್ಲಗ್ ಬಿಚ್ಚಿ ಒರೆಸಿ ಹಾಕಿದೆ, ಆಗಲಿಲ್ಲ. ಪೆಟ್ರೋಲ್ ಇತ್ತು. ಹದಿನೈದು ನಿಮಿಷ ಒದ್ದಾಡಿದೆ. ಅಷ್ಟರಲ್ಲಿ ಒಂದು ಪಿಕಪ್ ಬಂದು ಪಕ್ಕದಲ್ಲಿ ನಿಂತಿತು. ನಮ್ಮ ಕಡೆ ಹಳ್ಳಿಗಳಲ್ಲಿ ತರಕಾರಿ ಎತ್ತಿಕೊಂಡು ಬೆಂಗಳೂರಿಗೆ ಹೊಡೆಯೋ ಹುಡುಗ, ಮುಖಪರಿಚಯ ಇದೆ. ಒಳ್ಳೇ ಹುಡುಗನೇ. ಕುಕ್ಕೆಗಳನ್ನ ತನ್ನ ಗಾಡಿಗೆ ಹಾಕಿಕೊಂಡು ಮಂಡ್ಯಕ್ಕೆ ಬಿಟ್ಟ. ದಾರೀಲಿ ಹೇಳಿದ:

"ಯಜಮಾನ್ರೇ, ಈ ವಯಸ್ಸಲ್ಲಿ ಯಾಕ್ ಹಿಂಗೆ ಒದ್ದಾಡ್ತೀರಿ? ಸಾಯಂಕಾಲ ನಿಮ್ಮೂರ್ ಬಾಗ್ಲಿಗೇ ಗಾಡಿ ಬತ್ತದೆ. ತೂಕ ಹಾಕ್ಸಿ ಕೊಟ್ಬುಡಿ. ದುಡ್ಡು ಫೋನಿಗೆ ಬಂದು ಬೀಳ್ತದೆ. ಪೇಟೆ ಸಾವಾಸವೇ ಬ್ಯಾಡ."

ಮನೇಲಿ ನನ್ನ ಮಗನೂ ಇದನ್ನೇ ಹೇಳ್ತಾನೆ. ಈ ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹೂಂ ಅಂದ್ರೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟ ವರ್ತನೆ ಮನೆಗಳು ಬಿಟ್ಟುಹೋಗ್ತವೆ. ವರ್ತನೆ ಮನೆ ಅಂದ್ರೆ ಈಗಿನ ಹುಡುಗರಿಗೆ ಗೊತ್ತಿಲ್ಲದೆ ಇರಬಹುದು. ದಿನಾ ಇಂಥವರಿಂದಲೇ ಹಾಲು, ಸೊಪ್ಪು ಅಂತ ಗೊತ್ತು ಮಾಡಿಕೊಂಡಿರೋ ಮನೆ. ನಮಗೆ ಮಂಡ್ಯದಲ್ಲಿ ಅಂಥವು ಇಪ್ಪತ್ತೆಂಟು ಇವೆ.

ಯೋಚನೆ ಮಾಡ್ತಾ ಕೂತಾಗ ಅವ್ವ, ಅಪ್ಪ ಈ ಸೊಪ್ಪನ್ನ ಹೇಗೆ ಪೇಟೆಗೆ ಸಾಗಿಸ್ತಿದ್ರು ಅನ್ನೋದೆಲ್ಲ ನೆನಪಿಗೆ ಬಂತು. ಬರೀತಾ ಹೋದರೆ ಗಾಡಿಗಳ ಚರಿತ್ರೆಯೇ ಆಗೋಯ್ತು. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಮ್ಮೂರು ಮದ್ದೂರು ಮಂಡ್ಯ ಮಧ್ಯೆ, ಹೆದ್ದಾರಿಯಿಂದ ಮೂರು ಕಿಲೋಮೀಟರ್ ಒಳಗೆ. ಮಂಡ್ಯಕ್ಕೆ ಹನ್ನೊಂದು ಕಿಲೋಮೀಟರ್. ಇದು ನಾಲೆ ಸೀಮೆ. 1930ರ ದಶಕದಲ್ಲಿ ಕನ್ನಂಬಾಡಿ ನೀರು ನಾಲೆಯಲ್ಲಿ ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆ ಆಯ್ತು. ಅಲ್ಲಿಂದ ಈಚೆಗೆ ನಮ್ಮ ಕಡೆ ಗಾಡಿ ಅಂದ್ರೆ ಕಬ್ಬಿನ ಗಾಡಿ. ಜೋಡೆತ್ತು ಕಟ್ಟಿ, ಕಬ್ಬು ತುಂಬಿ, ಫ್ಯಾಕ್ಟರಿ ಮುಂದೆ ಸಾಲಲ್ಲಿ ರಾತ್ರಿಯೆಲ್ಲ ಮಲಗಿ, ಮಾರನೇ ದಿನ ತೂಕ ಹಾಕಿಸಿ ಬರೋದು. ಸಾಲಲ್ಲಿ ಕಾದಷ್ಟೂ ಕಬ್ಬಿನ ತೂಕ ಇಳೀತದೆ, ಆದ್ರೂ ಅದು ಒಂದು ರಾತ್ರಿ ತಡೀತದೆ. ಸೊಪ್ಪು ತಡೆಯಲ್ಲ. ಎತ್ತಿನ ಗಾಡಿ ಗಂಟೆಗೆ ಮೂರೋ ನಾಲ್ಕೋ ಕಿಲೋಮೀಟರ್ ಹೋಗ್ತದೆ. ಹನ್ನೊಂದು ಕಿಲೋಮೀಟರಿಗೆ ಮೂರು ಗಂಟೆ. ಹೊತ್ತು ಹುಟ್ಟಿ ಮೇಲೆ ಬರೋ ಹೊತ್ತಿಗೆ ಕೊತ್ತಂಬರಿ ಸೊಪ್ಪು ತಲೆ ಬಾಗಿರ್ತದೆ. ಜೊತೆಗೆ ಐವತ್ತು ಕೆಜಿ ಸೊಪ್ಪಿಗೆ ಜೋಡೆತ್ತು ಕಟ್ಟಿಕೊಂಡು ಹೋದ್ರೆ ಊರವರು ನಗ್ತಾರೆ. ಹಂಗಾಗಿ ನಮ್ಮ ಮನೇಲಿ ಗಾಡಿ ಇದ್ರೂ ಸೊಪ್ಪು ಯಾವತ್ತೂ ಅದರಲ್ಲಿ ಹೋಗಲಿಲ್ಲ.

ಎತ್ತಿನ ಗಾಡಿ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಬೆಂಗಳೂರಿನ ಐಐಎಂಗೆ ಮೊದಲನೇ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅಂತ ಇದ್ರು. ದೊಡ್ಡ ದೊಡ್ಡ ಕಂಪನಿ ನಡೆಸೋದು ಹೇಗೆ ಅಂತ ಕಲಿಸೋ ಜಾಗದಲ್ಲಿ ಕೂತು ಅವರು ಎತ್ತಿನ ಗಾಡಿ ಅಧ್ಯಯನ ಮಾಡಿದ್ರು. ನೊಗ ಎತ್ತಿನ ಹೆಗಲನ್ನ ಹುಣ್ಣು ಮಾಡ್ತದೆ, ಚಕ್ರದ ಕಬ್ಬಿಣದ ಪಟ್ಟಿ ರಸ್ತೆಯನ್ನ ಕೊರೀತದೆ, ಗಾಡಿ ಸರಿಯಾಗಿ ಮಾಡಿದ್ರೆ ಅದೇ ಎತ್ತು ಸುಲಭವಾಗಿ ಹೆಚ್ಚು ಎಳೀತದೆ ಅಂತ ವರ್ಷಗಟ್ಟಲೆ ಹೇಳಿದ್ರು. ಅಷ್ಟು ಓದಿದವರೊಬ್ಬರು ನೊಗದ ಬಗ್ಗೆ ತಲೆ ಕೆಡಿಸಿಕೊಂಡಿದ್ರು ಅನ್ನೋದೇ ನನಗೆ ಸಮಾಧಾನ. ಟೈರ್ ಗಾಡಿ ನಮ್ಮ ಕಡೆ ಬಂತು, ಬಂದ ಸ್ವಲ್ಪ ವರ್ಷಕ್ಕೆ ಟ್ರ್ಯಾಕ್ಟರ್ರೂ ಬಂತು, ಎತ್ತೇ ಹೋದವು.

ಸೊಪ್ಪಿನ ಮೊದಲನೇ ಗಾಡಿ ಅಂದ್ರೆ ನಮ್ಮವ್ವನ ತಲೆ.

ನಾನು ಹುಟ್ಟಿದ್ದು 1970ರಲ್ಲಿ. ನನಗೆ ಬುದ್ಧಿ ಬಂದಾಗ ಅವ್ವ ಕೋಳಿ ಕೂಗೋ ಹೊತ್ತಿಗೆ ಎದ್ದು, ಹಿಂದಿನ ಸಾಯಂಕಾಲ ಕಿತ್ತಿಟ್ಟ ಸೊಪ್ಪಿನ ಮೇಲೆ ಇನ್ನೊಂದು ಸಲ ನೀರು ಚಿಮುಕಿಸಿ, ಸೀರೆ ಹರಕನ್ನ ಸುತ್ತಿ ಸಿಂಬೆ ಮಾಡಿ, ಕುಕ್ಕೆ ತಲೆ ಮೇಲಿಟ್ಟುಕೊಂಡು ಹೊರಡೋಳು. ಜೊತೆಗೆ ಊರಿನ ಇನ್ನೂ ನಾಲ್ಕೈದು ಹೆಂಗಸರು. ಕುಕ್ಕೆ ಎತ್ತಿ ಕೊಡೋಕೆ ಒಬ್ಬರಿಗೊಬ್ಬರು ಬೇಕು, ಹಂಗಾಗಿ ಗುಂಪಲ್ಲೇ ಹೋಗಬೇಕು. ಕೊನೇಲಿ ಉಳಿದವಳಿಗೆ ಯಾರಾದ್ರೂ ಗಂಡಸರು ಎತ್ತಬೇಕು. ಅದಕ್ಕೆ ನನ್ನನ್ನ ಎಬ್ಬಿಸೋರು, ಆರು ವರ್ಷದ ಹುಡುಗ ನಾನು ಏನೆತ್ತೀನಿ, ಸುಮ್ಮನೆ ಕೈ ಹಾಕ್ತಿದ್ದೆ.

ಹೆದ್ದಾರಿವರೆಗೆ ಮೂರು ಕಿಲೋಮೀಟರ್ ನಡಿಗೆ. ಅಲ್ಲಿಂದ ಸರ್ಕಾರಿ ಬಸ್ಸು. ಮೈಸೂರು ಸರ್ಕಾರದ ಬಸ್ ಇಲಾಖೆ ಶುರುವಾಗಿದ್ದು 1948ರಲ್ಲಿ, ಅದು ನಿಗಮ ಆಗಿದ್ದು 1961ರಲ್ಲಿ. ಆ ಬಸ್ಸುಗಳ ಹಿಂಭಾಗದಲ್ಲಿ ಏಣಿ ಇರ್ತಿತ್ತು. ಕುಕ್ಕೆಗಳು ಏಣಿ ಹತ್ತಿ ಟಾಪಿಗೆ ಹೋಗೋವು, ಲಗೇಜ್ ಟಿಕೆಟ್ಟು ಬೇರೆ. ಬೆಂಗಳೂರು, ಮೈಸೂರು, ಮಂಡ್ಯ ಯಾವ ಪೇಟೆ ತಗೊಳ್ಳಿ, ಬಹಳ ವರ್ಷ ಹಳ್ಳಿ ತರಕಾರಿ ಬಸ್ಸಿನ ತಲೆ ಮೇಲೆ ಹೋಗಿದೆ. ಬಸ್ಸಿನ ಚರಿತ್ರೆ ಬರೆಯೋರು ಪ್ರಯಾಣಿಕರ ಲೆಕ್ಕ ಬರೀತಾರೆ, ಟಾಪಿನ ಕುಕ್ಕೆ ಲೆಕ್ಕ ಯಾರೂ ಬರೆಯಲ್ಲ.

ಅವ್ವಂಗೆ ತಲೆ ಮೇಲೆ ಹೊರೋಕಾಗ್ತಿದ್ದದ್ದು ಇಪ್ಪತ್ತೈದು ಕೆಜಿ ಅಂತಿಟ್ಟುಕೊಳ್ಳಿ. ಬೀದಿ ಬೀದಿ ಸುತ್ತಿ ಕೂಗಿ ಮಾರೋಳು. ಹತ್ತು ಗಂಟೆಗೆ ಮುಗಿದ್ರೆ ಒಳ್ಳೇದು, ಮುಗೀದಿದ್ರೆ ಉಳಿದದ್ದನ್ನ ಯಾವುದಾದ್ರೂ ಹೋಟ್ಲಿಗೆ ಅರ್ಧ ರೇಟಿಗೆ ಸುರಿದು ಬರೋಳು. ಆದ್ರೆ ದುಡ್ಡು ಅವಳ ಸೆರಗಿನ ಗಂಟಲ್ಲೇ ಇರ್ತಿತ್ತು. ಬರ್ತಾ ನಮಗೆ ಬನ್ನು, ಅವಳಿಗೆ ಎಲೆ ಅಡಿಕೆ, ಮನೆಗೆ ಸೀಮೆಎಣ್ಣೆ. ಯಾವುದನ್ನೂ ಅಪ್ಪನ್ನ ಕೇಳಿ ತರ್ತಿರಲಿಲ್ಲ.

1978ರಲ್ಲಿ ಅಪ್ಪ ಸೆಕೆಂಡ್ ಹ್ಯಾಂಡಲ್ಲಿ ಒಂದು ಸೈಕಲ್ ತಂದ್ರು.

ಸೈಕಲ್ಲು ಬ್ರಿಟಿಷರ ಕಾಲದಲ್ಲಿ ದೊಡ್ಡವರ ಗಾಡಿ, ಹಡಗಲ್ಲಿ ಬರ್ತಿತ್ತು. ಸ್ವಾತಂತ್ರ್ಯ ಬಂದ ಸುಮಾರಿಗೆ ಇಲ್ಲೇ ಫ್ಯಾಕ್ಟರಿಗಳು ಎದ್ದವು. 1949ರಲ್ಲಿ ಮದ್ರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ಹಂಗೆ ಬಂದ ಮೇಲೇ ಅದು ಮೇಷ್ಟ್ರು, ಪೋಸ್ಟ್‌ಮನ್ ಕೈಗೆ ಬಂತು, ಆಮೇಲೆ ಹಾಲಿನವರ ಕೈಗೆ, ಎಲ್ಲ ಮುಗಿದ ಮೇಲೆ ನಮ್ಮ ಕೈಗೆ. ಕಪ್ಪು ಬಣ್ಣದ ಗಂಡಸರ ಸೈಕಲ್ಲು, ಮಧ್ಯೆ ಅಡ್ಡ ಬಾರು. ಅಪ್ಪ ಅದನ್ನ ತಂದ ದಿನವೇ ಗುಜರಿಯಿಂದ ಕಬ್ಬಿಣದ ಪಟ್ಟಿ ತಂದು ಕ್ಯಾರಿಯರ್ ಬದಲಾಯಿಸಿದ್ರು. ಎರಡು ಪಕ್ಕಕ್ಕೆ ಬಿದಿರಿನ ಕುಕ್ಕೆ, ಕ್ಯಾರಿಯರ್ ಮೇಲೊಂದು ಮೂಟೆ, ಎಲ್ಲ ಹಳೇ ಟ್ಯೂಬ್ ಕತ್ತರಿಸಿದ ರಬ್ಬರಲ್ಲಿ ಕಟ್ಟೋದು. ಈ ಟ್ಯೂಬ್ ರಬ್ಬರ್ ಅನ್ನೋದು ಎಂಥ ವಸ್ತು ಅಂದ್ರೆ, ಅದಿಲ್ದಿದ್ರೆ ನಮ್ಮ ದೇಶದ ಅರ್ಧ ಸಾಗಾಣಿಕೆ ನಿಂತೋಗ್ತಿತ್ತು. ಹಗ್ಗ ಸಡಿಲ ಆಗ್ತದೆ, ರಬ್ಬರ್ ಎಳೆದು ಕಟ್ಟಿದ್ರೆ ಸೊಪ್ಪು ಬಾಡಿ ಕುಗ್ಗಿದಂಗೂ ತಾನೇ ಬಿಗಿ ಆಗ್ತಾ ಹೋಗ್ತದೆ.

ಎಪ್ಪತ್ತು ಕೆಜಿವರೆಗೆ ಅಪ್ಪ ಹೊತ್ತಿದಾರೆ. ಹತ್ತಿ ಕೂತು ತುಳಿಯೋಕಾಗದ ಕಡೆ ಇಳಿದು ತಳ್ಳೋರು. ಒಂದು ಗಂಟೆಗೆ ಮಂಡ್ಯ. ಬಸ್ಸಿಗೆ ಕಾಯೋಹಂಗಿಲ್ಲ, ಲಗೇಜ್ ಟಿಕೆಟ್ಟಿಲ್ಲ. ಎಲ್ಲಕ್ಕಿಂತ ದೊಡ್ಡದು, ಬೆಳಗಿನ ಜಾವ ಐದಕ್ಕೆ ಬೇಕಾದ್ರೂ ಪೇಟೆ ಮುಟ್ಟಬಹುದು. ಬಸ್ಸಲ್ಲಿ ಬರೋ ಸೊಪ್ಪು ಏಳಕ್ಕೆ ಬರ್ತಿದ್ರೆ ಸೈಕಲ್ ಸೊಪ್ಪು ಆರಕ್ಕೇ ಮನೆ ಬಾಗಿಲಲ್ಲಿ. ಹೆಣ್ಣುಮಕ್ಕಳು ಅಡಿಗೆ ಶುರು ಮಾಡೋ ಮುಂಚೆ. ವರ್ತನೆ ಮನೆ ಅಂತ ನಮಗೆ ಆಗಿದ್ದು ಆಗಲೇ. ಅಪ್ಪ ಕೂಗ್ತಿರಲಿಲ್ಲ, ನಾಚಿಕೆ ಸ್ವಭಾವ. ಬೀದಿ ತಿರುವಲ್ಲಿ ಬೆಲ್ ಎರಡು ಸಲ ಒತ್ತೋರು, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಬಾಗಿಲು ತೆಗೀತಿದ್ವು.

ಇಷ್ಟೆಲ್ಲ ಆದ ಮೇಲೆ ಒಂದು ವಿಷಯ ನನಗೆ ಹೊಳೆದದ್ದು ಅಪ್ಪ ಅವ್ವ ಇಬ್ಬರೂ ಹೋದ ಮೇಲೆ. ಸೈಕಲ್ ಬಂದ ವರ್ಷವೇ ಅವ್ವ ಪೇಟೆಗೆ ಹೋಗೋದು ನಿಂತಿತು. ಯಾರೂ ಬೇಡ ಅನ್ನಲಿಲ್ಲ. ಸೀರೆ ಉಟ್ಟೋಳು ಅಡ್ಡ ಬಾರಿನ ಸೈಕಲ್ ಹತ್ತೋಹಂಗಿಲ್ಲ, ಅಷ್ಟೇ. ಇಪ್ಪತ್ತೈದು ಕೆಜಿ ಹೊರೋ ತಲೆಗಿಂತ ಎಪ್ಪತ್ತು ಕೆಜಿ ಹೊರೋ ಸೈಕಲ್ ಮೇಲು ಅಂತ ಲೆಕ್ಕ ಆಯ್ತು. ಅವಳು ಕಳೆ ಕೀಳೋದು, ಸೊಪ್ಪು ಕಟ್ಟೋದು ಜಾಸ್ತಿ ಮಾಡಿದ್ಲು, ಕುತ್ತಿಗೆ ನೋವು ಕಮ್ಮಿ ಆಯ್ತು ಅಂತಲೂ ಅಂದ್ಲು. ಆದ್ರೆ ಸೆರಗಿನ ಗಂಟು ಖಾಲಿ. ಎಲೆ ಅಡಿಕೆಗೆ ಅಪ್ಪನ್ನ ಕೇಳಬೇಕು. ಬನ್ನೂ ನಿಂತೋಯ್ತು, ಅಪ್ಪಂಗೆ ಅದೆಲ್ಲ ಗೊತ್ತಾಗ್ತಿರಲಿಲ್ಲ.

ನಾನು 1986ರಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಹೊಲಕ್ಕೆ ಬಂದೆ. ಆ ಹೊತ್ತಿಗೆ ಮೊಪೆಡ್‌ಗಳು ಬಂದಿದ್ವು. ಇದರ ಕತೆ ನಿಜಕ್ಕೂ ಬರೆದಿಡಬೇಕಾದ್ದು. 1972ರಲ್ಲಿ ಪುಣೆಯ ಕೈನೆಟಿಕ್ ಕಂಪನಿ ಲೂನಾ ತಂದ್ರು, ಇಟಲಿಯ ಪಿಯಾಜಿಯೋದ ಒಂದು ಮೊಪೆಡ್ ಮಾದರಿ ಮೇಲೆ. 50 ಸಿಸಿ, ಪೆಡಲ್ ತುಳಿದು ಸ್ಟಾರ್ಟ್ ಮಾಡೋದು, ಪೆಟ್ರೋಲ್ ಮುಗಿದ್ರೆ ಸೈಕಲ್ ಹಂಗೆ ತುಳ್ಕೊಂಡು ಮನೆಗೆ ಬರೋದು. ಅದು ಗುಮಾಸ್ತರ ಗಾಡಿ ಆಯ್ತು. ಇಬ್ಬರು ಕೂತ್ರೆ, ಒಂದು ಮೂಟೆ ಹಾಕಿದ್ರೆ ಏದುಸಿರು ಬಿಡ್ತಿತ್ತು. 1980ರಲ್ಲಿ ನಮ್ಮ ಗಡಿಗೆ ಅಂಟಿಕೊಂಡಿರೋ ಹೊಸೂರಿನ ಫ್ಯಾಕ್ಟರಿಯಿಂದ ಟಿವಿಎಸ್ 50 ಹೊರಗೆ ಬಂತು. ಅದನ್ನ ಇಬ್ಬರು ಕೂರೋಹಂಗೇ ಮಾಡಿದ್ರು. ಹೆಂಡತಿ ಕೂರೋ ಜಾಗದಲ್ಲಿ ಮೂಟೆ ಕೂತಿತು ನೋಡಿ, ಅಲ್ಲಿಂದ ಹಳ್ಳಿ ಗಾಡಿ ಆಯ್ತು.

1991ರಲ್ಲಿ ನಾನು ಹಳೇದೊಂದು ಟಿವಿಎಸ್ ತಗೊಂಡೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕೋ ಗಾಡಿ, ಹಿಂದೆ ನೀಲಿ ಹೊಗೆ. ಆಮೇಲೆ ಎಕ್ಸೆಲ್ ಸೂಪರ್, ಈಗ ಇರೋದು ಎಕ್ಸೆಲ್ 100. ಈ 100 ಬಂದಿದ್ದು 2015ರಲ್ಲಿ, ಫೋರ್ ಸ್ಟ್ರೋಕು, ಆಯಿಲ್ ಬೆರೆಸೋ ಕಾಟ ತಪ್ಪಿತು. ಲೂನಾ ಹೋಯ್ತು, ಬೇರೆ ಕಂಪನಿಗಳ ಮೊಪೆಡ್ಡೂ ಹೋದವು, ಪೆಟ್ರೋಲ್ ಮೊಪೆಡ್ ಅಂತ ಉಳಿದಿರೋದು ಇದೊಂದೇ. ಯಾಕೆ ಉಳೀತು ಅಂದ್ರೆ ನನ್ನ ಪ್ರಕಾರ ಕಾರಣ ಇಂಜಿನ್ ಅಲ್ಲ. ಹಿಂದಿನ ಸೀಟು ಕೈಯಲ್ಲೇ ಬಿಚ್ಚಿ ಮನೇಲಿಟ್ಟರೆ ಚಪ್ಪಟೆ ಕ್ಯಾರಿಯರ್ ಸಿಗ್ತದೆ. ಮುಂದೆ ಪೆಟ್ರೋಲ್ ಟ್ಯಾಂಕು ಅಡ್ಡ ಇಲ್ಲ, ಕಾಲ ಹತ್ರ ಒಂದು ಮೂಟೆ ನಿಲ್ಲಿಸಬಹುದು. ಗೇರಿಲ್ಲ, ಹಂಗಾಗಿ ಭಾರ ಹೊತ್ತಾಗ ಕಾಲಿಗೆ ಕೆಲಸ ಇಲ್ಲ, ಎರಡೂ ಕಾಲು ನೆಲಕ್ಕೆ ಕೊಡೋಕೆ ತಯಾರಿರ್ತವೆ. ಬಿದ್ರೂ ಒಬ್ಬನೇ ಎತ್ತಬಹುದು. ಮಂಡ್ಯ ಮಾರ್ಕೆಟ್ ಹತ್ರ ಬೆಳಿಗ್ಗೆ ಆರಕ್ಕೆ ನಿಂತು ನೋಡಿ: ಮೀನು, ಎಳನೀರು, ಹೂವು, ಹಾಲಿನ ಕ್ಯಾನು, ಕಾಫಿ ಫ್ಲಾಸ್ಕು, ಗ್ಯಾಸ್ ಸಿಲಿಂಡರು, ಎಲ್ಲ ಎಕ್ಸೆಲ್ ಮೇಲೆ. ಬುಲೆಟ್‌ಗೆ ಅಭಿಮಾನಿ ಸಂಘ ಇದೆ. ಎಕ್ಸೆಲ್‌ಗೆ ಸಂಘ ಮಾಡೋಕೆ ಅದರ ಸವಾರರಿಗೆ ಪುರುಸೊತ್ತಿಲ್ಲ.

ಇನ್ನೊಂದು. ಅಡ್ಡ ಬಾರಿಲ್ಲದ ಗಾಡಿ ಇದು. ಲುಂಗಿ ಉಟ್ಟೋನೂ ಹತ್ತಬಹುದು, ಸೀರೆ ಉಟ್ಟೋಳೂ ಹತ್ತಬಹುದು. 2009ರಲ್ಲಿ ನನಗೆ ಕಾಲು ಮುರಿದು ಎರಡು ತಿಂಗಳು ಮಲಗಿದ್ದೆ. ಸೊಪ್ಪು ಮಡಿಯಲ್ಲಿ ಬಲಿತು ಹೂ ಬಿಡೋ ಹಂಗಾಗಿತ್ತು. ನನ್ನ ಹೆಂಡತಿ ನಾಲೆ ಏರಿ ಮೇಲೆ ಮೂರು ದಿನ ಗಾಡಿ ಕಲ್ತು, ನಾಲ್ಕನೇ ದಿನ ಎರಡು ಕುಕ್ಕೆ ಕಟ್ಟಿಸಿಕೊಂಡು ಮಂಡ್ಯಕ್ಕೆ ಹೋಗೇಬಿಟ್ಲು. ನಾನು ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಒಂಬತ್ತೂವರೆಗೆ ಬಂದು, ಖಾಲಿ ಕುಕ್ಕೆ ಇಳಿಸಿ, "ನೀವು ಮೆಂತ್ಯ ಸೊಪ್ಪು ಕಮ್ಮಿಗೆ ಕೊಡ್ತಾ ಇದ್ರಂತೆ, ನಾನು ಎರಡ್ರುಪಾಯಿ ಏರಿಸಿ ಬಂದಿವ್ನಿ" ಅಂದ್ಲು. ಈಗ ವಾರದಲ್ಲಿ ಮೂರು ದಿನ ಅವಳು, ಮೂರು ದಿನ ನಾನು. ಅವಳು ಹೋದ ದಿನದ ದುಡ್ಡು ಅವಳದು. ಅವ್ವ ಇದನ್ನ ನೋಡೋಕೆ ಇರಲಿಲ್ಲ.

ಈಗ ದೊಡ್ಡ ಗಾಡಿಗಳ ವಿಷಯ. ನಾವೆಲ್ಲ ಟೆಂಪೋ ಅಂತೀವಲ್ಲ, ಅದು ಜರ್ಮನಿಯ ಹ್ಯಾಂಬರ್ಗ್ ಕಡೆಯ ಒಂದು ಕಂಪನಿ ಹೆಸರು. ಅವರ ಮೂರು ಚಕ್ರದ ಸಾಮಾನು ಗಾಡಿಯನ್ನ ಬಜಾಜ್ ಟೆಂಪೋ ಅನ್ನೋ ಕಂಪನಿ ಇಲ್ಲಿ ಮಾಡಿತು. ಉದ್ದ ಮೂತಿ, ಮುಂದೆ ಒಂದೇ ಚಕ್ರ, ಡುಗುಡುಗು ಸದ್ದು. ಕಂಪನಿ ಹೆಸರು ಈಗ ಫೋರ್ಸ್ ಆಗಿದೆ, ನಮ್ಮ ಬಾಯಲ್ಲಿ ಮಾತ್ರ ಎಲ್ಲಾ ಗಾಡಿಯೂ ಟೆಂಪೋನೇ. ಲಗೇಜ್ ಆಟೋ ಕತೆಯೂ ಹಂಗೇ ದೂರದಿಂದ ಬಂದದ್ದು. ಎರಡನೇ ಮಹಾಯುದ್ಧ ಮುಗಿದ ಇಟಲಿಯಲ್ಲಿ ಜನರ ಹತ್ರ ಲಾರಿ ಕೊಳ್ಳೋಕೆ ದುಡ್ಡಿರಲಿಲ್ಲ. ವೆಸ್ಪಾ ಸ್ಕೂಟರ್ ಮಾಡಿದ ಪಿಯಾಜಿಯೋದವರು 1948ರಲ್ಲಿ ಅದಕ್ಕೇ ಹಿಂದೆ ಎರಡು ಚಕ್ರ, ಒಂದು ಪೆಟ್ಟಿಗೆ ಕೂರಿಸಿದ್ರು. ಹೆಸರು ಆಪೆ. ಅಂದ್ರೆ ಅವರ ಭಾಷೇಲಿ ಜೇನುನೊಣ. ವೆಸ್ಪಾ ಅಂದ್ರೆ ಕಣಜ. ಅವರ ಕಣಜ ಇಲ್ಲಿ ಸ್ಕೂಟರ್ ಆಗಿ, ಆಟೋ ಆಗಿ ಬಂತು. ಜೇನುನೊಣ ಆಪೆ ಅನ್ನೋ ಹೆಸರಲ್ಲೇ ಮಹಾರಾಷ್ಟ್ರದ ಬಾರಾಮತಿಯಿಂದ ನಮ್ಮ ಹಳ್ಳಿಗಳಿಗೆ ಹಾರಿ ಬಂತು.

2005ರಲ್ಲಿ ಟಾಟಾ ಏಸ್. ಮುಕ್ಕಾಲು ಟನ್ ಹೊರೋ ನಾಲ್ಕು ಚಕ್ರದ ಪುಟ್ಟ ಗಾಡಿ. ಇದನ್ನ ಮಾಡೋ ಮುಂಚೆ ಕಂಪನಿಯವರು ಮೂರು ಚಕ್ರದ ಗಾಡಿ ಓಡಿಸೋರನ್ನ ಮಾತಾಡಿಸಿದ್ರಂತೆ. ಒಬ್ಬ ಹೇಳಿದ್ನಂತೆ, ನಾಲ್ಕು ಚಕ್ರದ ಗಾಡಿ ಇದ್ರೆ ನಮ್ಮೂರಲ್ಲಿ ಒಳ್ಳೇ ಸಂಬಂಧ ಸಿಗ್ತದೆ ಅಂತ. ನಮ್ಮ ಮಂಡ್ಯ ಜಿಲ್ಲೆಯವರಿಗೆ ಈ ಮಾತು ತಮಾಷೆ ಅನ್ನಿಸಲ್ಲ. ಹೆಣ್ಣು ಸಿಗದ ರೈತರ ಮಕ್ಕಳು 2023ರ ಫೆಬ್ರವರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದ ಊರು ಇದು. ಅವರಲ್ಲಿ ಎಷ್ಟು ಜನಕ್ಕೆ ಏಸ್ ಗಾಡಿ ಇತ್ತೋ.

ಏಸ್ ಒಳ್ಳೇ ಗಾಡಿ, ಸುಳ್ಳು ಹೇಳಬಾರದು. ಆದ್ರೆ ನಮ್ಮೂರಲ್ಲಿ ಅದು ಬಂದ ಮೇಲೆ ಆದದ್ದು ಹೇಳ್ತೀನಿ ಕೇಳಿ. ಮುಕ್ಕಾಲು ಟನ್ ಸೊಪ್ಪು ತರಕಾರಿ ನಮ್ಮೂರಲ್ಲಿ ಒಬ್ಬನ ಹೊಲದಲ್ಲಿ ಒಂದು ದಿನಕ್ಕೆ ಬರಲ್ಲ. ಹಂಗಾಗಿ ಎಂಟು ಹತ್ತು ಮನೆಯವರು ಸೇರಿ ತುಂಬಬೇಕು. ಎಲ್ಲರದ್ದೂ ತುಂಬಿದ ಗಾಡಿ ಬೀದಿ ಬೀದಿ ಸುತ್ತಲ್ಲ, ನೇರ ಮಂಡಿಗೆ ಹೋಗ್ತದೆ. ಡ್ರೈವರ್ ಒಬ್ಬನೇ ಹೋಗ್ತಾನೆ. ಬೆಳೆದವನು ಮನೇಲೇ ಉಳೀತಾನೆ. ಹರಾಜು ಕೂಗಿದ್ದು ಎಷ್ಟು, ಕಮಿಷನ್ ಕಳೆದದ್ದು ಎಷ್ಟು, ಚೀಟಿ ಬಂದಾಗ ಗೊತ್ತಾಗ್ತದೆ. ಎರಡೇ ವರ್ಷದಲ್ಲಿ ನಮ್ಮೂರಿನ ಹನ್ನೊಂದು ಸೊಪ್ಪಿನ ಸೈಕಲ್, ಮೊಪೆಡ್‌ಗಳಲ್ಲಿ ಏಳು ನಿಂತವು. ಅವರ ವರ್ತನೆ ಮನೆಗಳು ಬೇರೆ ಯಾರದೋ ಆದವು, ಇಲ್ಲ ಅಂಗಡಿ ಪಾಲಾದವು. ಅವರಿಗೆ ನಿದ್ದೆ ಸಿಕ್ಕಿತು, ಅದನ್ನೂ ಹೇಳಬೇಕು. ಮೂರು ಗಂಟೆಗೆ ಏಳೋದು ಸುಮ್ಮನೆ ಅಲ್ಲ. ಆದ್ರೆ ಬೆಲೆ ಬಿದ್ದ ದಿನ ಅವರ ಕೈಯಲ್ಲಿ ಏನೂ ಇರಲಿಲ್ಲ. ದಂಟು ಸೊಪ್ಪಿನ ಕಟ್ಟಿಗೆ ಮಂಡೀಲಿ ಮೂರು ರೂಪಾಯಿ ಆದ ದಿನವೂ ನನ್ನ ವರ್ತನೆ ಮನೆಗಳಲ್ಲಿ ಹತ್ತೇ. ಮಂಡೀಲಿ ಹದಿನೆಂಟಾದ ದಿನವೂ ಹತ್ತೇ. ಅವರಿಗೂ ಇದು ಗೊತ್ತು.

ಇದು ಎಷ್ಟು ಗಟ್ಟಿ ಅಂತ ತಿಳಿದದ್ದು 2020ರ ಮಾರ್ಚಿನಲ್ಲಿ. ಲಾಕ್‌ಡೌನ್ ಅಂದ ಮಾರನೇ ದಿನಗಳಲ್ಲಿ ಮಂಡಿ ಮುಚ್ಚಿತ್ತು, ಲಾರಿ ಇಲ್ಲ, ಹೋಟ್ಲಿಲ್ಲ. ರಾಜ್ಯದಲ್ಲಿ ಎಲ್ಲ ಕಡೆ ರೈತರು ಟೊಮೇಟೊ, ಕೋಸು ರಸ್ತೆಗೆ ಸುರಿದ್ರು, ಹೊಲದಲ್ಲೇ ಉತ್ತು ಹಾಕಿದ್ರು. ಏಸ್‌ಗೆ ಕೊಡ್ತಿದ್ದ ನಮ್ಮೂರವರು ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿಲ್ಲದೆ ಕೂತಿದ್ರು, ಯಾಕಂದ್ರೆ ಅವರ ಸೊಪ್ಪು ಉಣ್ಣೋರ ಮುಖ ಅವರು ನೋಡೇ ಇರಲಿಲ್ಲ. ನನಗೆ ಅಶೋಕನಗರದ ಮೇಷ್ಟ್ರಮ್ಮ ತಾವೇ ಫೋನ್ ಮಾಡಿದ್ರು. ಅಪ್ಪನ ಕಾಲದಿಂದ ಸೊಪ್ಪು ತಗೊಳ್ಳೋ ಮನೆ. "ಏನಪ್ಪ, ಬರ್ತೀಯೋ ಇಲ್ವೋ? ನಮ್ಮ ಬೀದಿಯವರೆಲ್ಲ ಕೇಳ್ತಾ ಇದಾರೆ." ಬೆಳಿಗ್ಗೆ ಅಗತ್ಯ ವಸ್ತುಗಳಿಗೆ ಬಿಡ್ತಾ ಇದ್ರು. ಆ ಎರಡು ತಿಂಗಳು ನಮ್ಮ ಸೊಪ್ಪಿನ ಜೊತೆ ಪಕ್ಕದ ಹೊಲದ ನಾಲ್ಕು ಮನೆಯವರ ತರಕಾರಿಯೂ ಎಕ್ಸೆಲ್ ಮೇಲೆ ಹೋಯ್ತು. ದಿನಕ್ಕೆ ಎರಡು ಟ್ರಿಪ್ಪು. ಮನೆಗಳು ಅರವತ್ತು ದಾಟಿದ್ವು. ಎಲ್ಲ ಸರಿಹೋದ ಮೇಲೆ ಮತ್ತೆ ಇಳಿದು ಇಪ್ಪತ್ತೆಂಟಕ್ಕೆ ನಿಂತಿವೆ. ಅದಕ್ಕೆ ಬೇಜಾರಿಲ್ಲ, ಜನ ಅನುಕೂಲ ನೋಡ್ತಾರೆ.

ಆಮೇಲೆ ರೋಡು ಬಂತು. ಬೆಂಗಳೂರು ಮೈಸೂರು ಹೊಸ ಹೆದ್ದಾರಿ, 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ರು. ಮೊದಲ ತಿಂಗಳುಗಳಲ್ಲಿ ಅಪಘಾತಗಳು ವಿಪರೀತ ಆದವು, ಬಹಳ ಜನ ಸತ್ರು. ಆ ವರ್ಷ ಆಗಸ್ಟ್ 1ರಿಂದ ದೊಡ್ಡ ರೋಡಿಗೆ ಬೈಕು, ಸ್ಕೂಟರು, ಆಟೋ, ಎಲೆಕ್ಟ್ರಿಕ್ ಮೂರು ಚಕ್ರದ ಗಾಡಿ, ಟ್ರ್ಯಾಕ್ಟರು, ಎತ್ತಿನ ಗಾಡಿ, ಸೈಕಲ್ಲು ಯಾವುದೂ ಹತ್ತೋಹಂಗಿಲ್ಲ ಅಂತ ಆಯ್ತು. ನಾನು ಇದನ್ನ ತಪ್ಪು ಅನ್ನಲ್ಲ. ನೂರರ ವೇಗದಲ್ಲಿ ಕಾರು ಬರೋ ಕಡೆ ನಲವತ್ತರಲ್ಲಿ ಹೋಗೋ ಎಕ್ಸೆಲ್ ಇರಬಾರದು, ನನ್ನ ಹೆಂಡತಿಯಂತೂ ಇರಬಾರದು. ಆದ್ರೆ ಆ ಪಟ್ಟಿಯನ್ನ ಇನ್ನೊಂದು ಸಲ ಓದಿ. ಈ ಬರಹದಲ್ಲಿ ನಾನು ಇಲ್ಲಿವರೆಗೆ ಹೇಳಿದ ಗಾಡಿಗಳಲ್ಲಿ ರೈತ ತಾನೇ ಓಡಿಸೋ ಗಾಡಿಗಳೆಲ್ಲ ಆ ಪಟ್ಟಿಯಲ್ಲಿವೆ. ಏಸು, ಪಿಕಪ್ಪು ಇಲ್ಲ, ಅವಕ್ಕೆ ದೊಡ್ಡ ರೋಡು ಉಂಟು. ನಮಗೆ ಸರ್ವಿಸ್ ರೋಡು, ಅದರಲ್ಲಿ ಎದುರುಗಡೆಯಿಂದ ಬರೋರು, ಮಳೆ ಬಂದ್ರೆ ಅಂಡರ್‌ಪಾಸಲ್ಲಿ ನೀರು. ಮುಂಚೆ ಇಪ್ಪತ್ತೈದು ನಿಮಿಷಕ್ಕೆ ಮುಟ್ಟುತ್ತಿದ್ದ ಕಡೆಗೆ ಈಗ ನಲವತ್ತು. ಆ ಹದಿನೈದು ನಿಮಿಷಕ್ಕೇ ಸೊಪ್ಪಿನ ಮೇಲೆ ಒದ್ದೆ ಗೋಣಿಚೀಲ ಎರಡು ಪದರ ಹಾಕಬೇಕಾಗಿದೆ.

ಇಲ್ಲಿಗೆ ನನ್ನ ಲೆಕ್ಕ ಬಂದು ನಿಂತಿದೆ. ಮೆಕ್ಯಾನಿಕ್ ಗಾಡಿ ಬಿಚ್ಚಿ ನೋಡಿ ಪಿಸ್ಟನ್, ರಿಂಗು ಎಲ್ಲ ಹೋಗಿದೆ, ಐದಾರು ಸಾವಿರ ಅಂದಿದಾನೆ. ಮಗ ಹೇಳೋದು, ರಿಪೇರಿಗೆ ಹಾಕೋ ಬದಲು ಪಿಕಪ್ಪಿನವನಿಗೆ ಕೊಟ್ಬಿಡು ಅಂತ. ಇಲ್ಲಾಂದ್ರೆ ಸಾಲ ಮಾಡಿ ಎಲೆಕ್ಟ್ರಿಕ್ ಲಗೇಜ್ ಆಟೋ ತಗೊಳ್ಳೋಣ, ನಾನು ಓಡಿಸ್ತೀನಿ ಅಂತಾನೆ. ಆ ಗಾಡಿಗಳು ಈಗ ಬೇಕಾದಷ್ಟು ಬಂದಿವೆ. ಮಹೀಂದ್ರಾದವರ ಟ್ರಿಯೋ ಜೋರ್ 2020ರಲ್ಲಿ ಬಂತು, 550 ಕೆಜಿ ಹೊರ್ತದೆ ಅಂತ ಕಂಪನಿ ಹೇಳ್ತದೆ. ಡೀಸೆಲ್ ಖರ್ಚಿಲ್ಲ, ಪೇಟೆ ಒಳಗೆ ಸದ್ದಿಲ್ಲ, ಹೊಗೆ ಇಲ್ಲ. ಆದ್ರೆ ನನ್ನದು ದಿನಕ್ಕೆ ಎಂಬತ್ತು ಕೆಜಿ. ಮಿಕ್ಕ ನಾನೂರ ಎಪ್ಪತ್ತು ಕೆಜಿ ಜಾಗ ಸಾಲದ ಕಂತು ಕೇಳ್ತಾ ಇರ್ತದೆ. ಕಂತು ಕಟ್ಟೋಕೆ ಊರವರ ತರಕಾರಿ ಕೊಂಡು ತುಂಬಬೇಕು, ಅದು ಸಾಲದೆ ಇದ್ರೆ ಮಂಡೀಲಿ ಕೊಂಡು ತುಂಬಬೇಕು. ಆರು ತಿಂಗಳಿಗೆ ನನ್ನ ಮಗ ವ್ಯಾಪಾರಿ ಆಗಿರ್ತಾನೆ, ನಾನು ಅವನಿಗೆ ಸೊಪ್ಪು ಹಾಕೋನು. ವ್ಯಾಪಾರ ಕೀಳು ಅಂತ ಅಲ್ಲ. ಅವನಿಗೆ ಇಷ್ಟ ಇದ್ರೆ ಮಾಡ್ಲಿ. ಆದ್ರೆ ಗಾಡಿ ಅದನ್ನ ತೀರ್ಮಾನ ಮಾಡೋದು ಬೇಡ.

ಮಧ್ಯದ ದಾರಿ ಒಂದಿದೆ. 2024ರ ಫೆಬ್ರವರಿಯಲ್ಲಿ ಅದೇ ಹಳೇ ಲೂನಾ ಕರೆಂಟಿನ ಗಾಡಿಯಾಗಿ ವಾಪಸ್ ಬಂದಿದೆ, 150 ಕೆಜಿ ಹೊರ್ತದೆ ಅಂತ ಹೇಳ್ತಾರೆ. ಅಂಥವು ಬೇರೆ ಕಂಪನಿಗಳದ್ದೂ ಇವೆ. ಕೆ.ಎಂ. ದೊಡ್ಡಿ ಕಡೆಯ ನಮ್ಮ ನೆಂಟರೊಬ್ಬರು ಒಂದು ತಗೊಂಡಿದಾರೆ. ಭಾನುವಾರ ನಾವಿಬ್ಬರೂ ಹೋಗಿ, ಎರಡು ಕುಕ್ಕೆಗೆ ಸೊಪ್ಪಿನ ಬದಲು ಮಣ್ಣು ತುಂಬಿ, ಕಟ್ಟಿ ನಾಲೆ ಏರಿ ಹತ್ತಿಸಿ ನೋಡಿದ್ವು. ಹತ್ತಿತು. ಒಂದೆರಡು ತಕರಾರು ನನಗಿದೆ. ಬ್ಯಾಟರಿ ಹೋದ್ರೆ ಎಷ್ಟು ಅಂತ ನೆಂಟರಿಗೂ ಗೊತ್ತಿಲ್ಲ. ನಮ್ಮೂರ ಮೆಕ್ಯಾನಿಕ್‌ಗೆ ಇದರ ತಲೆಬುಡ ತಿಳಿಯಲ್ಲ. ಪಂಪ್‌ಸೆಟ್ಟಿನ ಕರೆಂಟು ರಾತ್ರಿ ಕೊಟ್ರೂ ಮನೆ ಕರೆಂಟು ಇರ್ತದೆ, ಹಂಗಾಗಿ ಚಾರ್ಜಿಗೆ ತೊಂದರೆ ಇಲ್ಲ. ಹೆಂಡತಿ ಒಂದು ಸುತ್ತು ಓಡಿಸಿಕೊಂಡು ಬಂದ್ಲು.

"ಹೆಂಗದೆ?" ಅಂದೆ.

"ಗಾಡಿ ಚೆಂದಾಗದೆ. ಸದ್ದೇ ಇಲ್ವಲ್ಲ. ಎಕ್ಸೆಲ್ ಸದ್ದು ಕೇಳಿ ಬಾಗ್ಲು ತೆಗೀತಿದ್ರು. ಇದು ಬಂದು ನಿಂತ್ರೆ ಮೇಷ್ಟ್ರಮ್ಮಂಗೆ ಹೆಂಗ್ ಗೊತ್ತಾಯ್ತದೆ? ಒಂದೊಂದ್ ಮನೆ ಮುಂದೂ ಕೂಗ್ಕಂಡು ನಿಂತ್ಕಳನಾ?"

ಪಿಕಪ್ ಹುಡುಗನಿಗೆ ನಿನ್ನೆ ಫೋನ್ ಮಾಡಿ ಬದನೆಕಾಯಿ ಬೇಕಾದ್ರೆ ಕೊಡ್ತೀನಿ, ಸೊಪ್ಪು ಇಲ್ಲ ಅಂದೆ. ಬರೀ ಬದನೆಕಾಯಿಗೆ ನಿಮ್ಮೂರಿಗೆ ತಿರುಗೋಕಾಗಲ್ಲ ಯಜಮಾನ್ರೇ, ಓನರ್ ಕೇಳಿ ಹೇಳ್ತೀನಿ ಅಂದಿದಾನೆ. ಎಕ್ಸೆಲ್ ಇನ್ನೂ ಮೆಕ್ಯಾನಿಕ್ ಹತ್ರಾನೇ ಇದೆ. ಈ ವಾರ ಪಕ್ಕದ ಮನೆಯವರ ಗಾಡಿ ಎರವಲು ತಗೊಂಡು ಓಡಿಸ್ತಾ ಇದೀವಿ, ಪೆಟ್ರೋಲ್ ನಮ್ಮದು, ದಿನಾ ಎರಡು ಕಟ್ಟು ಸೊಪ್ಪು ಅವರಿಗೆ.

ಅಪ್ಪನ ಸೈಕಲ್ ಗುಜರಿಗೆ ಹೋಗಿ ಬಹಳ ವರ್ಷ ಆಯ್ತು. ಬೆಲ್ ಮಾತ್ರ ಬಿಚ್ಚಿಟ್ಟುಕೊಂಡಿದ್ದೆ. ನಿನ್ನೆ ರಾತ್ರಿ ಅಟ್ಟದ ಮೇಲೆ ಹುಡುಕಿದೆ, ಸಿಕ್ಕಿತು. ಮೇಲಿನ ಬಟ್ಟಲು ಚೆನ್ನಾಗಿದೆ, ಒಳಗಿನ ಸ್ಪ್ರಿಂಗು ತುಕ್ಕು ಹಿಡಿದಿದೆ. ಸೀಮೆಎಣ್ಣೆಯಲ್ಲಿ ನೆನೆಹಾಕಿದೀನಿ.